ಸಬ್‌ಜೈಲಿನಲ್ಲಿ ಕಲಿತ ಬಾಣಂತಿ ಸ್ನಾನ

ನನ್ನನ್ನು ಈಗಲೂ ಕೆಲವರು ಸಭೆಗಳಲ್ಲಿ ‘ಜೈಲಿಗೆ ಹೋಗಿ ಬಂದವರು’ ಎಂದು ಪರಿಚಯ ಮಾಡಿಸುತ್ತಾರೆ. ಹಾಗೆ ಹೇಳುವಾಗ ಅವರ ಸ್ವರ ತನ್ನಷ್ಟಕ್ಕೆ ದಪ್ಪವಾಗುತ್ತದೆ. ನನಗೆ ನಗು ತಡೆಯುವುದೇ ಕಷ್ಟ. ನಾನು ಇದ್ದದ್ದು ಪುತ್ತೂರಿನ ಸಬ್‌ಜೈಲಿನಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಎರಡು ತಿಂಗಳಿಗೂ ಕಡಿಮೆ. ಲಾಠಿ ಏಟು ತಿನ್ನಲಿಲ್ಲ. ಉಪವಾಸ ಮಾಡಿದ್ದು ಒಂದೂವರೆ ದಿನ, ಅದೂ ದೇಶಕ್ಕಾಗಿ ಅಲ್ಲ, ಮಡಿಗಾಗಿ. ಅಲ್ಲಿ ಎಂತ ಕಲಿತೆ ಎಂದು ಯಾರಾದರೂ ಕೇಳಿದರೆ, ಬೀಡಿ ಎಲೆ ಕತ್ತರಿಸುವುದು ಮತ್ತು ಬಾಣಂತಿಗೆ ನೀರು ಹೊಯ್ಯುವುದು ಎನ್ನುತ್ತೇನೆ. ಅಧ್ಯಕ್ಷರು ಕೆಮ್ಮಿ ಮುಂದಿನವರನ್ನು ಕರೆಯುತ್ತಾರೆ.

ಆಗ ನನಗೆ ಇಪ್ಪತ್ತೆರಡು. ಬಿ.ಎ. ಮುಗಿದಿತ್ತು. ಗಂಡು ಸಿಗುವ ತನಕ ಹೊತ್ತು ಹೋಗಲಿ ಎಂದು ಕೆದಂಬಾಡಿಯಿಂದ ಪುತ್ತೂರಿಗೆ ಟೈಪಿಂಗ್ ಕಲಿಯಲು ಬರುತ್ತಿದ್ದೆ. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಬರೆಯಬಾರದು, ಸೇರಬಾರದು, ಮಾತಾಡಬಾರದು ಎಂದೆಲ್ಲ ಆದಾಗ ನನಗೆ ಮೈ ಉರಿದುಹೋಯಿತು. ಟೈಪಿಂಗ್ ಕ್ಲಾಸಿನ ಒಬ್ಬರು ಕೊಟ್ಟ ಕರಪತ್ರದ ಕಟ್ಟನ್ನು ಇನ್ನು ನಾಲ್ಕು ಜನ ಗಂಡಸರ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಹಂಚಲು ನಿಂತೆ. ಸುಳ್ಯದ ಬಸ್ಸಿನ ಕಿಟಕಿಗೆ ಕೈ ಚಾಚಿದ್ದೆ ಅಷ್ಟೆ, ಹಿಂದಿನಿಂದ ಪೊಲೀಸಿನವನು ಬ್ಯಾಗು ಹಿಡಿದ. ಜೊತೆಗಿದ್ದ ಗಂಡಸರನ್ನೆಲ್ಲ ಮಂಗಳೂರಿಗೆ ಕಳಿಸಿದರು. ಹೆಂಗಸು ನಾನೊಬ್ಬಳೇ ಆದ್ದರಿಂದ ಅಲ್ಲಿಯೇ ಸಬ್‌ಜೈಲಿನ ಹೆಂಗಸರ ಕೋಣೆಗೆ ಹಾಕಿದರು.

ಕೋಣೆಯಲ್ಲಿ ಮೊದಲೇ ಒಬ್ಬಳು ಇದ್ದಳು. ಐವತ್ತರ ಹತ್ತಿರದ ಗಟ್ಟಿಮುಟ್ಟು ಹೆಂಗಸು. ಎಲೆಅಡಿಕೆ ಸಿಗದೆ ಸುಮ್ಮನೆ ಬಾಯಿ ಆಡಿಸುತ್ತ ಕೂತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು:

“ಅಮ್ಮಾ, ನೀವು ಎಂತ ಬೇಯಿಸಿದ್ದು?”

“ಬೇಯಿಸಿದ್ದಾ? ನಾನು ಕಾಗದ ಹಂಚಿದ್ದು.”

“ಕಾಗದವಾ? ಕಾಗದಕ್ಕೂ ಜೈಲು ಉಂಟಾ ಮಾರಾಯ್ರೆ! ಅಷ್ಟು ಅಮಲು ಏರ್ತದಾ ಅದು?”

ಅವಳು ಬೇಯಿಸಿದ್ದು ಗೇರುಹಣ್ಣಿನ ಸಾರಾಯಿ. ಅದಕ್ಕಾಗಿ ಶಿಕ್ಷೆಯಾಗಿತ್ತು. ಅವಳನ್ನು ನಾನು ‘ಅಕ್ಕ’ ಎಂದು ಕರೆದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವಳು ಆಡುತ್ತಿದ್ದದ್ದು ತುಳು. ನನ್ನ ಅಬ್ಬೆಯದು, ಅಂದರೆ ಅಮ್ಮನದು, ನಮ್ಮ ಮನೆಮಾತು. ಎರಡನ್ನೂ ಎಲ್ಲರಿಗೂ ತಿಳಿಯಲಿ ಎಂದು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಸಾರಾಯಿ ಬೇಯಿಸಿದ್ದು ಅಕ್ಕ ಅಲ್ಲ, ಅವಳ ಅಳಿಯ. ಅವನು ನೆಲ್ಯಾಡಿ ಕಡೆಯ ರಬ್ಬರ್ ಟ್ಯಾಪಿಂಗ್ ಹುಡುಗ, ಮಲಯಾಳ ಮಾತಾಡುವವನು, ಇಗರ್ಜಿಗೆ ಹೋಗುವ ಕ್ರೈಸ್ತ. ಅಕ್ಕನ ಒಬ್ಬಳೇ ಮಗಳು ಅವನನ್ನು ಮೆಚ್ಚಿ ಮದುವೆಯಾಗಿದ್ದಳು. ಅಂದಿನಿಂದ ಅವನ ಕಡೆಯವರೂ ಇಲ್ಲ, ಇವಳ ಕಡೆಯವರೂ ಇಲ್ಲ. ಕಬಕದ ಅವರ ಗುಡಿಸಲಿಗೆ ನೆಂಟರಷ್ಟೇ ಅಲ್ಲ, ನೆರೆಮನೆಯವರೂ ಕಾಲಿಡುವುದನ್ನು ಬಿಟ್ಟಿದ್ದರು. ಅಬಕಾರಿಯವರು ಬಂದು ಅಂಗಳದಲ್ಲಿದ್ದ ಮಡಕೆ ಹಿಡಿದಾಗ ಅಕ್ಕ ಮುಂದೆ ಬಂದು, ನನ್ನದು, ಎಂದುಬಿಟ್ಟಳು. ಅಳಿಯ ಹೋದರೆ ದುಡಿಯುವವರಾರು? ಎರಡು ಬೈಗುಳ ಬೈದು ಬಿಡುತ್ತಾರೆ ಎಂದು ಅವಳ ಲೆಕ್ಕ. ಆ ಲೆಕ್ಕ ತಪ್ಪಿತು. ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಅಕ್ಕನ ಬಿಡುಗಡೆ ಹೆರಿಗೆಯಾಗಿ ತಿಂಗಳು ಕಳೆದ ಮೇಲೆ.

“ಹೆರುದು ಹೇಗೂ ಹೆರ್ತಾಳೆ, ಆಸ್ಪತ್ರೆ ಉಂಟು,” ಎನ್ನುತ್ತಿದ್ದಳು. “ಆಮೇಲೆ? ನೀರು ಹೊಯ್ಯುವವರು ಯಾರು? ಅವನಿಗೆ ರಬ್ಬರ್ ಮರ ಕೆತ್ತಲಿಕ್ಕೆ ಗೊತ್ತು, ಬಾಣಂತಿ ಮೀಯಿಸಲಿಕ್ಕೆ ಗೊತ್ತುಂಟಾ? ತಣ್ಣೀರು ಮುಟ್ಟಿ, ಕೊಡಪಾನ ಹೊತ್ತು, ನನ್ನ ಮಗಳ ಮೈ ಮುಗಿದು ಹೋಗ್ತದೆ.”

ನಮ್ಮ ಕಡೆ ಹೆತ್ತವಳಿಗೆ ನಲ್ವತ್ತು ದಿನ ಬಿಸಿನೀರಿನ ಸ್ನಾನ ಆಗಲೇಬೇಕು. ಹಂಡೆ ತುಂಬ ಸೊಪ್ಪು ಹಾಕಿ ಕುದಿಸಿದ ನೀರನ್ನು ಅನುಭವಸ್ಥೆ ಹೆಂಗಸೊಬ್ಬಳು ಸೊಂಟಕ್ಕೆ, ಬೆನ್ನಿಗೆ ಹೊಯ್ಯಬೇಕು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಬೇಕು. ಬಡವರಿಗೂ ಇದು ತಪ್ಪುವುದಿಲ್ಲ. ಯಾರೂ ಇಲ್ಲದವಳಿಗೆ ಮಾತ್ರ ತಪ್ಪುತ್ತದೆ. ಅಕ್ಕನ ಜೀವ ಆ ಹಂಡೆಯಲ್ಲೇ ಇತ್ತು.

ಜೈಲಿನ ದಿನ ಎಂದರೆ ಬೀಗದ ಸದ್ದಿನಿಂದ ಬೀಗದ ಸದ್ದಿನ ತನಕ. ಬೆಳಿಗ್ಗೆ ವಾರ್ಡರ್ ಬಂದು ಬಾಗಿಲು ತೆಗೆದು ನಮ್ಮನ್ನು ಎಣಿಸುತ್ತಿದ್ದ. ಇದ್ದದ್ದು ಇಬ್ಬರು. ಆದರೂ ಬೆರಳು ತೋರಿಸಿ “ಒಂದು, ಎರಡು” ಎಂದು ಎಣಿಸಿಯೇ ತೀರಬೇಕು. ಅಕ್ಕ ದಿನಾಲೂ “ಸರಿ ನೋಡಿ ಸ್ವಾಮೀ, ರಾತ್ರಿ ಮರಿ ಹಾಕಿದ್ದೇವಾ ಎಂತ” ಎನ್ನುತ್ತಿದ್ದಳು. ಆಮೇಲೆ ಬಾವಿಕಟ್ಟೆ. ಗಂಡಸರ ಸರದಿ ಮುಗಿದ ಮೇಲೆ ನಮ್ಮದು. ಆಮೇಲೆ ಗಂಜಿ. ಮಧ್ಯಾಹ್ನ ಅನ್ನ ಮತ್ತು ಸೌತೆಕಾಯಿ ಸಾರು, ಸಂಜೆ ಹೊತ್ತು ಮುಳುಗುವ ಮೊದಲೇ ಪುನಃ ಅನ್ನ, ಪುನಃ ಅದೇ ಸೌತೆಕಾಯಿ. ಆ ಸೌತೆಕಾಯಿಗೆ ಮುಗಿಯುವುದು ಅಂತ ಇರಲಿಲ್ಲ. ಈಗಲೂ ಮದುವೆ ಮನೆಯಲ್ಲಿ ಸೌತೆಕಾಯಿ ಹುಳಿ ಬಡಿಸಲು ಬಂದರೆ ನಾನು ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ.

ಮೊದಲ ದಿನ ನಾನು ಊಟ ಮುಟ್ಟಲಿಲ್ಲ. ಯಾರು ಬೇಯಿಸಿದ್ದೋ, ಯಾವ ಪಾತ್ರೆಯೋ. ಅಬ್ಬೆ ಮಡಿಯ ವಿಷಯದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲೆ. ಪೇಟೆಗೆ ಹೋಗಿ ಬಂದರೆ ಮಿಂದೇ ಒಳಗೆ ಬರಬೇಕು ಎನ್ನುವವಳು. ಅವಳ ಮಗಳಾಗಿ ನಾನು ಗಂಜಿಯ ತಟ್ಟೆಗೆ ಬೆನ್ನು ಹಾಕಿ ಕೂತೆ. ಮರುದಿನ ಮಧ್ಯಾಹ್ನ ಕಣ್ಣು ಕತ್ತಲೆ ಬಂತು. ಅಕ್ಕ ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, “ನಿಮಗೆ ಬೇಡದಿದ್ರೆ ನನಗಾಯ್ತು, ನನಗೇನೂ ಬೇಸರ ಇಲ್ಲ,” ಎಂದಳು. ನಾನು ತಟ್ಟೆ ಕಿತ್ತುಕೊಂಡು ಬಾಚಿ ಬಾಚಿ ಉಂಡೆ. ಅವಳು ನಕ್ಕದ್ದು ಗಂಡಸರ ಕೋಣೆಗೂ ಕೇಳಿತು.

ಹೆಂಗಸು ಕೈದಿ ಇದ್ದಾಗ ಮಾತ್ರ ಕರೆಸುವ ಒಬ್ಬ ಕಾವಲಿನವಳು ಇದ್ದಳು. ಅವಳು ಬಾಗಿಲ ಬಳಿ ಕಾಲು ಚಾಚಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕಾವಲು ಒಂದು ಕಣ್ಣಿಗೆ, ಬೀಡಿ ಎರಡು ಕೈಗೆ. ಹೊತ್ತು ಹೋಗದೆ ನಾವೂ ಸೇರಿದೆವು. ಅಕ್ಕನ ಬೀಡಿ ಬೆರಳಿನ ಹಾಗೆ ನೆಟ್ಟಗೆ ಬರುತ್ತಿತ್ತು. ನನ್ನದು ಮದುವೆ ವಾಲಗದ ಹಾಗೆ ಬಾಯಿ ಅಗಲಿಸಿಕೊಂಡಿರುತ್ತಿತ್ತು. “ಇದನ್ನು ಸೇದುದಾ, ಊದುದಾ?” ಎಂದು ಕಾವಲಿನವಳು ಕೇಳಿದ ಮೇಲೆ ನನಗೆ ಎಲೆ ಕತ್ತರಿಸುವ ಕೆಲಸ ಮಾತ್ರ ಕೊಟ್ಟರು. ಅವಳ ಮನೆಯೂ ಕಬಕದ ದಾರಿಯಲ್ಲೇ. ದಿನಾ ಬೆಳಿಗ್ಗೆ ಅವಳು ಬಂದ ಕೂಡಲೇ ಅಕ್ಕನ ಮೊದಲ ಪ್ರಶ್ನೆ, “ಮಗಳ ಸುದ್ದಿ ಉಂಟಾ?” ಇಲ್ಲ ಎಂದರೆ ಮೊರವನ್ನು ತನ್ನ ಕಡೆ ಎಳೆದುಕೊಂಡು ಎಲೆ ಸುತ್ತತೊಡಗುತ್ತಿದ್ದಳು.

ಹೀಗಿರುವಾಗ ನಾನು ಹೊರಗಾದೆ. ನಮ್ಮ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹಿಂದಿನ ಜಗಲಿಯ ಮೂಲೆಯಲ್ಲಿ ಕೂರಬೇಕು. ಬೇರೆ ಚಾಪೆ, ಬೇರೆ ಲೋಟ, ಯಾರನ್ನೂ ಮುಟ್ಟುವ ಹಾಗಿಲ್ಲ. ಜೈಲಿನಲ್ಲಿ ‘ಹೊರಗೆ’ ಕೂರುವುದು ಎಲ್ಲಿ? ಹೊರಗೆ ಬಿಡುವ ಹಾಗಿದ್ದರೆ ಅದನ್ನು ಜೈಲು ಅನ್ನುತ್ತಾರಾ? ನನಗೆ ಅಳುವೇ ಬಂತು. ಬಾಗಿಲ ಹತ್ತಿರದ ಮೂಲೆಗೆ ಚಾಪೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ.

“ಎಂತ, ನನ್ನ ಮೇಲೆ ಕೋಪವಾ?” ಎಂದಳು ಅಕ್ಕ.

“ಅಲ್ಲ. ನಾನು ದೂರ.”

“ಎಷ್ಟು ದೂರ? ಇಲ್ಲಿಂದ ಅಲ್ಲಿಗೆ ಎರಡು ಮೊಳ ಇಲ್ಲ.”

“ನನ್ನನ್ನು ಮುಟ್ಟಬಾರ್ದು ಅಕ್ಕ.”

ಅವಳಿಗೆ ಅರ್ಥವಾಯಿತು. ಅವರಲ್ಲೂ ಇಂಥದ್ದು ಇದ್ದದ್ದೇ, ಇಷ್ಟು ಬಿಗಿ ಇಲ್ಲ ಅಷ್ಟೆ. ಎದ್ದು ಬಂದು ನನ್ನ ಚಾಪೆಯನ್ನು ನಾನು ಕೂತಿದ್ದ ಹಾಗೆಯೇ ದರದರ ಎಳೆದು ತನ್ನ ಚಾಪೆಗೆ ತಾಗಿಸಿದಳು. “ಸರ್ಕಾರದವರು ಒಂದು ಜೈಲು ಕಟ್ಟಿ ಕೊಟ್ಟಿದ್ದಾರೆ, ಸಾಕಾಗುದಿಲ್ವಾ ನಿನಗೆ? ಅದರೊಳಗೆ ನೀನೊಂದು ಕಟ್ಟುದಾ ಮಗಾ?” ಎಂದಳು. ಆಮೇಲೆ ನೋಯುತ್ತಿದ್ದ ನನ್ನ ಸೊಂಟದ ಮೇಲೆ ಬೆಚ್ಚಗೆ ಅಂಗೈ ಇಟ್ಟು ಒತ್ತಿದಳು. ದೊಡ್ಡವಳಾದಂದಿನಿಂದ ಆ ಮೂರು ದಿನಗಳಲ್ಲಿ ನನ್ನನ್ನು ಒಬ್ಬರು ಮುಟ್ಟಿದ್ದು ಅದೇ ಮೊದಲು. ನನಗೆ ಎಷ್ಟು ಸುಖವಾಯಿತು ಎಂದು ಹೇಳಲಿಕ್ಕೇ ಬರುವುದಿಲ್ಲ. ಅಲ್ಲಿಂದ ಮುಂದೆ ‘ಅಮ್ಮಾ’ ಹೋಗಿ ‘ಮಗಾ’ ಆಯಿತು.

ನನ್ನ ಬಿಡುಗಡೆ ಅವಳದಕ್ಕಿಂತ ಮೊದಲು ಆಗುತ್ತದೆ ಎಂದು ಗೊತ್ತಾಯಿತು. ಮರುದಿನ ಬೆಳಿಗ್ಗೆ ಅಕ್ಕ ತನ್ನ ಜೈಲು ಕಂಬಳಿಯನ್ನು ಸುತ್ತಿ ಸುತ್ತಿ ಒಂದು ಉಂಡೆ ಮಾಡಿ, ಮೇಲಿನಿಂದ ಹಗ್ಗ ಕಟ್ಟಿ ತಲೆ ಮಾಡಿದಳು.

“ಕಾಲು ಚಾಚಿ ಕೂತ್ಕೊ. ಹಿಡಿ ಮಗು.”

“ಎಂತ ಅಕ್ಕ ಇದು!”

“ನೀನು ಹೊರಗೆ ಹೋದ ಮೇಲೆ ಕಬಕಕ್ಕೆ ಹೋಗ್ಬೇಕು. ನೀರು ಹೊಯ್ಯಲಿಕ್ಕೆ ಕಲಿ. ನಾಲ್ಕು ದಿನವಾದರೂ ಹೊಯ್ದು ಕೊಡು. ನನಗೆ ಕೇಳಲಿಕ್ಕೆ ಬೇರೆ ಯಾರಿದ್ದಾರೆ ಹೇಳು?”

ಬಿ.ಎ. ಓದಿದವಳು ಕಂಬಳಿ ಮೀಯಿಸಲು ಕೂತೆ. ಮಗುವನ್ನು ಕಾಲುಗಳ ನಡುವಿನ ಹಳ್ಳದಲ್ಲಿ ಕವುಚಿ ಮಲಗಿಸುವುದು, ಕಿವಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಇಡುವುದು, ಮೂಗು ಒರೆಸುವುದು. ಒಂದು ದಿನ ತಿರುಗಿಸುವಾಗ ಕಂಬಳಿ ಜಾರಿ ಬಾಗಿಲ ತನಕ ಉರುಳಿತು. “ಅಯ್ಯೋ, ಹೋಯ್ತು! ಮಗು ಬಚ್ಚಲು ತೋಡಿಗೆ ಬಿತ್ತು!” ಎಂದು ಅಕ್ಕ ಎದೆ ಬಡಿದುಕೊಂಡಳು. ಕಾವಲಿನವಳು ನಕ್ಕು ನಕ್ಕು ಮೊರದ ಹೊಗೆಸೊಪ್ಪನ್ನೆಲ್ಲ ಚೆಲ್ಲಿದಳು. ಗಲಾಟೆ ಕೇಳಿ ಓಡಿ ಬಂದ ವಾರ್ಡರ್, ಕಂಬಳಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಕುತ್ತಿಗೆ ಸರಿ ಹಿಡಿಯಿರಿ,” ಎಂದು ಬೈದು ಹೋದ. ಅವನಿಗೂ ಮನೆಯಲ್ಲಿ ಎಳೆ ಮಗು ಇತ್ತಂತೆ.

ಬಾಣಂತಿ ಸ್ನಾನಕ್ಕೆ ಅಕ್ಕ ತಾನೇ ಬಾಣಂತಿಯಾಗಿ ಕೂರುತ್ತಿದ್ದಳು. ಖಾಲಿ ಚೆಂಬಿನಿಂದ ನಾನು ಗಾಳಿ ಹೊಯ್ಯಬೇಕು. “ಎತ್ತರದಿಂದ ಹೊಯ್ಯಿ, ಸೊಂಟಕ್ಕೆ ಬೀಳ್ಬೇಕು. ಹೆದರಿ ಹೆದರಿ ಹೊಯ್ಯುದು ತುಳಸಿಗೆ,” ಎಂದು ಗದರಿಸುತ್ತಿದ್ದಳು. ಹಂಡೆಗೆ ನೆಕ್ಕಿ ಸೊಪ್ಪು, ಅಂದರೆ ಲಕ್ಕಿ ಸೊಪ್ಪು, ಎಷ್ಟು ಹಾಕಬೇಕು, ಎಣ್ಣೆ ಎಲ್ಲಿಂದ ಎಲ್ಲಿಗೆ ತಿಕ್ಕಬೇಕು, ಹೊಟ್ಟೆಗೆ ಬಟ್ಟೆ ಹೇಗೆ ಬಿಗಿಯಬೇಕು, ಎಲ್ಲ ಬಾಯಿಪಾಠ ಮಾಡಿಸಿದಳು. ನಡುನಡುವೆ ಹೇಳುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಆಗ ನಾನೂ ಚೆಂಬು ಕೆಳಗಿಡುತ್ತಿದ್ದೆ.

ಒಂದು ಬೆಳಿಗ್ಗೆ ಕಾವಲಿನವಳು ಗೇಟಿನಿಂದಲೇ ಕೂಗಿಕೊಂಡು ಬಂದಳು. ಹೆಣ್ಣು ಮಗು. ಇಬ್ಬರೂ ಹುಷಾರು. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಅಳಿಯ ನೀರು ಕಾಯಿಸಿಟ್ಟು ಏನು ಮಾಡುವುದೆಂದು ತಿಳಿಯದೆ ಹೊರಗೆ ಕೂತಿದ್ದಾನಂತೆ. ಹುಡುಗಿ ತಾನೇ ಬಗ್ಗಿ ಮಿಂದಳಂತೆ. ಅಕ್ಕ ಮೊದಲು ನಕ್ಕಳು, ಆಮೇಲೆ ಗೋಡೆಗೆ ತಲೆ ಆನಿಸಿ ಅತ್ತಳು. ಅಷ್ಟು ಗಟ್ಟಿ ಹೆಂಗಸು ಹಾಗೆ ಅಳುವುದನ್ನು ನೋಡಲು ನನ್ನಿಂದಾಗಲಿಲ್ಲ. “ನಾನು ಹೋಗ್ತೇನೆ ಅಕ್ಕ, ನನ್ನಾಣೆ ಹೋಗ್ತೇನೆ,” ಎಂದೆ.

ನನ್ನ ಬಿಡುಗಡೆ ಅದೇ ವಾರ ಆಯಿತು. ಕರೆದುಕೊಂಡು ಹೋಗಲು ಬಂದದ್ದು ಅಬ್ಬೆ ಒಬ್ಬಳೇ. ಅಷ್ಟು ದಿನ ಅಪ್ಪ ಅವಳನ್ನು ಬರಲು ಬಿಟ್ಟಿರಲಿಲ್ಲ. ಅವತ್ತು ಅಪ್ಪ ಮನೆಯಲ್ಲಿ ಪುರೋಹಿತರನ್ನು ಕೂರಿಸಿಕೊಂಡು, ನನ್ನನ್ನು ಶುದ್ಧ ಮಾಡಲು ಪಂಚಗವ್ಯ ಕಲಸಿಟ್ಟು ಕಾಯುತ್ತಿದ್ದ. ಅಬ್ಬೆ ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದು ಗೇಟಿನಿಂದ ಮಾರು ದೂರ ನಿಂತಿದ್ದಳು. ನನ್ನನ್ನು ನೋಡಿದವಳೇ ಕಣ್ಣು ತುಂಬಿಕೊಂಡಳು, ಮುಟ್ಟಲಿಲ್ಲ.

ಒಳಗಿನ ಕಂಬಿ ಬಾಗಿಲಿನಿಂದ ಅಕ್ಕ ಕೂಗಿದಳು: “ಅಮ್ಮಾ, ನಿಮ್ಮ ಮಗಳನ್ನು ನಾಲ್ಕು ದಿನ ನನಗೆ ಕೊಡಿ. ನನ್ನ ಮಗಳಿಗೆ ನೀರು ಹೊಯ್ಯಲಿಕ್ಕೆ ಯಾರೂ ಇಲ್ಲ!”

ಅಬ್ಬೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದಿನಿಂದ ಎಲ್ಲ ಹೇಳಿದೆ. ಮಗಳ ಮದುವೆ, ಅಳಿಯ, ನೆಂಟರು, ಹಂಡೆ, ಎಲ್ಲ ಒಂದೇ ಉಸಿರಿನಲ್ಲಿ. ಬಸ್‌ಸ್ಟ್ಯಾಂಡಿಗೆ ಬಂದಾಗ, “ನಾನು ಕಬಕಕ್ಕೆ ಹೋಗುದೇ. ನೀನು ಬೇಕಾದ್ರೆ ಮನೆಗೆ ಹೋಗು,” ಎಂದು ಜಗಳಕ್ಕೆ ನಿಂತೆ. ಕಬಕ ಒಂದು ದಿಕ್ಕು, ನಮ್ಮ ಮನೆ ಇನ್ನೊಂದು ದಿಕ್ಕು. ಹೆತ್ತ ಮನೆಯ ಅಮೆ, ಅಂದರೆ ಸೂತಕ, ಬೇರೆ. ಅದರ ಮೇಲೆ ಜಾತಿ. ಅಬ್ಬೆ ಈಗ ಬಸ್‌ಸ್ಟ್ಯಾಂಡೇ ನಡುಗುವ ಹಾಗೆ ಬೈಯುತ್ತಾಳೆ ಎಂದುಕೊಂಡೆ.

“ನಿನಗೆ ಬಾಣಂತಿ ಮೀಯಿಸಲಿಕ್ಕೆ ಬರ್ತದಾ?” ಎಂದಳು.

“ಕಂಬಳಿಯಲ್ಲಿ ಕಲಿತಿದ್ದೇನೆ.”

“ಕಂಬಳಿಯಲ್ಲಿ!” ಅಬ್ಬೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು: “ನೋಡು ಕೂಸೇ, ನೀನು ಜೈಲಿಂದ ಬಂದವಳು. ನಿನ್ನ ಜೊತೆ ಬಂದವಳು ನಾನು. ಮನೆಗೆ ಹೋದ್ರೆ ಇಬ್ಬರೂ ಹೇಗೂ ಮೀಯಲಿಕ್ಕುಂಟು. ಜೈಲಿನ ಮೈಲಿಗೆಗೂ ಮಿಂದಾಯ್ತು, ಅಮೆಗೂ ಮಿಂದಾಯ್ತು. ಎರಡಕ್ಕೆ ಎರಡು ಸಲ ಮೀಯ್ಬೇಕು ಅಂತ ಎಲ್ಲಿಯೂ ಇಲ್ಲ.”

ನಾನು ಆ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಿದೆ. ಅಷ್ಟರಲ್ಲಿ ಅಬ್ಬೆ ಕಬಕದ ಬಸ್ಸು ಹತ್ತಿ ಕೂತಾಗಿತ್ತು.

ಗುಡಿಸಲಿನ ಬಾಗಿಲಲ್ಲಿ ಅಬ್ಬೆಯನ್ನು ನೋಡಿದ ಹುಡುಗಿ ಮಗುವನ್ನು ಅಪ್ಪಿಕೊಂಡು ಗೋಡೆಗೆ ಸರಿದಳು. “ಮುಟ್ಟಬೇಡಿ ಅಮ್ಮಾ, ಅಮೆ ಉಂಟು,” ಎಂದಳು. ಅಬ್ಬೆ ಸೀರೆ ಎತ್ತಿ ಕಟ್ಟಿಕೊಂಡು, “ನನಗೆ ಗೊತ್ತುಂಟು. ನೀನು ಬಚ್ಚಲಿಗೆ ಬಾ,” ಎಂದಳು. ಅಳಿಯನನ್ನು ನೆಕ್ಕಿ ಸೊಪ್ಪು ತರಲು ಓಡಿಸಿದಳು. ಎಣ್ಣೆ ತಿಕ್ಕುವಾಗ ಅವಳ ಕೈ ಒಮ್ಮೆಯೂ ತಡೆಯಲಿಲ್ಲ. ಎತ್ತರದಿಂದ ಧಾರೆಯಾಗಿ ಬಿದ್ದ ಬಿಸಿನೀರಿಗೆ ಹುಡುಗಿ ಮೊದಲು ಚೀರಿದಳು, ಆಮೇಲೆ ಆ ನೀರಿನೊಳಗೇ ಬಿಕ್ಕಿ ಬಿಕ್ಕಿ ಅತ್ತಳು. “ಅಳು, ಅಳು. ಹೆತ್ತವಳು ಅಳ್ಬೇಕು,” ಎಂದು ಅಬ್ಬೆ ಹೊಯ್ಯುತ್ತಲೇ ಇದ್ದಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಅವಳು ಅದಕ್ಕೆ ಗುನುಗಿದ್ದು ಎಳೆಯದರಲ್ಲಿ ನನಗೆ ಗುನುಗಿದ್ದೇ ಇರಬೇಕು. ನಾನು ಚೆಂಬು ಹಿಡಿದು ನಿಂತಿದ್ದೆ. ಕಲಿತ ವಿದ್ಯೆಗೆ ಕೆಲಸವೇ ಬರಲಿಲ್ಲ.

ಮನೆಗೆ ಹೋಗಿ ಮಿಂದು, ಪಂಚಗವ್ಯ ಕುಡಿದು, ಎಲ್ಲ ಆಯಿತು. ಒಂದು ದಿನದ ಕೆಲಸ ಎಂದು ನಾನು ತಿಳಿದುಕೊಂಡಿದ್ದರೆ, ರಾತ್ರಿ ಊಟಕ್ಕೆ ಬಡಿಸುತ್ತಾ ಅಬ್ಬೆ ಅಪ್ಪನಿಗೆ ಹೇಳಿದಳು: “ಕೂಸು ಜೈಲಿಂದ ಕ್ಷೇಮವಾಗಿ ಬಂದ್ರೆ ನಲ್ವತ್ತು ದಿನ ಪುತ್ತೂರಿನ ದೇವಸ್ಥಾನದ ಕೆರೆಯಲ್ಲಿ ಇಬ್ಬರೂ ಮಿಂದು ಬರ್ತೇವೆ ಅಂತ ಹರಕೆ ಹೇಳಿದ್ದೇನೆ.” ದೇವರ ಮಾತಿಗೆ ಅಡ್ಡ ಹೇಳುವ ಧೈರ್ಯ ಅಪ್ಪನಿಗೆ ಇರಲಿಲ್ಲ. ತಲೆ ಅಲ್ಲಾಡಿಸಿ ಮಜ್ಜಿಗೆ ಕೇಳಿದ.

ಹಾಗೆ ದಿನಾ ಬೆಳಿಗ್ಗೆ ಮೊದಲ ಬಸ್ಸು. ಮೊದಲು ಕಬಕ, ಆಮೇಲೆ ಪುತ್ತೂರಿಗೆ ಬಂದು ಕೆರೆಯಲ್ಲಿ ನಿಜವಾಗಿಯೂ ಮುಳುಗು. “ಸುಳ್ಳಲ್ಲ, ಮೀಯುದು ಹೌದಲ್ಲ,” ಎನ್ನುತ್ತಿದ್ದಳು ಅಬ್ಬೆ. ನಾನು ಹೊರಗಾದ ಮೂರು ದಿನ ಅವಳೊಬ್ಬಳೇ ಹೋಗಿ ಬಂದಳು. ಅವಳಿಗೆ ಬಸ್ಸಿನ ಕಂಡಕ್ಟರ್ ಗುರುತಾದ, ಕಬಕದಲ್ಲಿ ಇಳಿದ ಕೂಡಲೇ ಕೈಬೀಸುವ ಅಂಗಡಿಯವನು ಗುರುತಾದ. ಅಳಿಯನಿಂದ ನಾಲ್ಕು ಮಲಯಾಳ ಮಾತು ಕಲಿತಳು. ಬಾಣಂತಿಯ ಜೊತೆ ಬಾಗಿಲ ಹೊರಗೆ ಕಾಲು ಚಾಚಿ ಕೂತು ನಗುತ್ತಿದ್ದಳು. ನನ್ನ ಅಬ್ಬೆಗೆ ಹಾಗೆ ನಗಲು ಬರುತ್ತದೆ ಎಂದು ನನಗೆ ಅಷ್ಟರ ತನಕ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಒಂದು ನಿಮಿಷ ಕೂತದ್ದನ್ನು ನಾನು ಕಂಡವಳಲ್ಲ.

ಅಕ್ಕ ಬಿಡುಗಡೆಯಾಗಿ ಬಂದದ್ದು ಹರಕೆಯ ಕೊನೆಯ ದಿನ. ಅಂಗಳಕ್ಕೆ ಬಂದವಳು ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಬಾಗಿಲ ಬಳಿ ಮಗಳು ಒದ್ದೆ ಕೂದಲು ಒಣಗಿಸುತ್ತಿದ್ದಳು, ಕೆನ್ನೆ ತುಂಬಿತ್ತು. ಬಚ್ಚಲ ಕಲ್ಲಿನ ಮೇಲೆ ಅಬ್ಬೆ, ಅವಳ ಕಾಲ ಮೇಲೆ ಮಗು.

“ಬಂದಿಯಾ?” ಎಂದಳು ಅಬ್ಬೆ. “ಬೇಗ ಕೈಕಾಲು ತೊಳ್ಕೊ. ನೀರು ಹದ ಉಂಟು.”

ಅಕ್ಕ ಕಾಲು ಚಾಚಿ ಕೂತಳು. ಅಬ್ಬೆ ಮಗುವನ್ನು ಎತ್ತಿ ಅವಳ ಕಾಲ ಮೇಲೆ ಮಲಗಿಸಿದಳು. ನನ್ನನ್ನು ಅಷ್ಟು ಗದರಿಸಿದವಳಿಗೆ ಚೆಂಬು ಹಿಡಿಯಲೂ ಆಗಲಿಲ್ಲ. ಕೊನೆಗೆ ನಾನೇ ನೀರು ಹೊಯ್ದೆ. ಅಕ್ಕ ಮಗಳನ್ನು ನೋಡುತ್ತಾಳೆ, ಮಗುವನ್ನು ನೋಡುತ್ತಾಳೆ, ಅಳುತ್ತಾಳೆ. ಹೊರಡುವಾಗ ಅಬ್ಬೆಯ ಎರಡು ಕೈಗಳನ್ನೂ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅಬ್ಬೆ ಕೈ ಎಳೆದುಕೊಳ್ಳಲಿಲ್ಲ. “ನಾಳೆಯಿಂದ ನೀನೇ ನೋಡ್ಕೊ,” ಎಂದಳು ಅಷ್ಟೆ.

ಆ ದಿನವೂ ಕೆರೆಯಲ್ಲಿ ಮುಳುಗಿದೆವು. ಬಸ್ಸಿನಲ್ಲಿ ಅಬ್ಬೆ ಕಿಟಕಿಯ ಹತ್ತಿರ ಕೂತಳು. ನೋಡಿದರೆ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳುವುದನ್ನೂ ಮರೆತಿದ್ದಳು. ನಮ್ಮ ಸ್ಟಾಪು ಹತ್ತಿರ ಬಂದಾಗ ಬಟ್ಟೆಯ ಗಂಟನ್ನು ಮಡಿಲಿಗೆ ಎಳೆದುಕೊಂಡು, ಯಾರಿಗೂ ಕೇಳದ ಹಾಗೆ ನನ್ನ ಕಡೆ ಬಗ್ಗಿದಳು.

“ಕೂಸೇ, ನಿನಗೆ ಪುನಃ ಜೈಲಿಗೆ ಹೋಗುವ ಅಂದಾಜು ಎಂತಾದ್ರೂ ಉಂಟಾ?”

ನಾನು ನಗಲು ಹೊರಟು ಅವಳ ಮುಖ ನೋಡಿದೆ. ಅಬ್ಬೆ ಉತ್ತರಕ್ಕೆ ಕಾಯುತ್ತಿದ್ದಳು.